ಬಳಕೆಯಿಲ್ಲದ ಅವಧಿಯಲ್ಲಿ ಟ್ರ್ಯಾಕ್ಟರ್ ಹಾಗೂ ಟ್ರೇಲರ್ ಬ್ಯಾಟರಿಗಳ ಚಾರ್ಜ್ ಕಾಪಾಡುವ ಕ್ರಮ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಹಾಗೂ ಕೃಷಿ ಯಂತ್ರೋಪಕರಣಗಳ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ಕೃಷಿ ಯಂತ್ರಗಳು ವರ್ಷದ ಎಲ್ಲಾ ದಿನಗಳಲ್ಲೂ ದುಡಿಯುವುದಿಲ್ಲ. ಉಳುಮೆ, ಬಿತ್ತನೆ, ಕೊಯ್ಲು ಮತ್ತು ಸಾಗಾಣಿಕೆಯ ಕಾಲ ಮುಗಿದ ನಂತರ ಟ್ರ್ಯಾಕ್ಟರ್ ಹಾಗೂ ಟ್ರೇಲರ್‌ಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಅಥವಾ ಕಣದ ಬದಿಯಲ್ಲಿ ನಿಂತಿರುತ್ತವೆ. ಈ ಅವಧಿಯಲ್ಲಿ ಎಂಜಿನ್, ಗೇರ್ ಅಥವಾ ಚಕ್ರಗಳಿಗೆ ಆಗುವ ಹಾನಿ ಅಲ್ಪ. ಆದರೆ ಬ್ಯಾಟರಿಯು ನಿಂತಲ್ಲಿಯೇ ತನ್ನ ಚಾರ್ಜ್ ಕಳೆದುಕೊಳ್ಳುತ್ತದೆ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಅದನ್ನು ಹಾಗೆಯೇ ಬಿಟ್ಟಲ್ಲಿ ಶಾಶ್ವತವಾಗಿ ನಿರುಪಯುಕ್ತವಾಗುವ ಸಂಭವ ಇರುತ್ತದೆ.

ಬ್ಯಾಟರಿಯು ಬಳಕೆಯಿಂದ ಮಾತ್ರ ಸವೆಯುತ್ತದೆ, ನಿಲ್ಲಿಸಿಟ್ಟರೆ ಉಳಿಯುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಪೂರ್ಣ ಚಾರ್ಜ್ ಮಾಡಿ, ತಂತಿ ಬಿಡಿಸಿ, ತಿಂಗಳಿಗೊಮ್ಮೆ ಪರೀಕ್ಷಿಸಿದ ಬ್ಯಾಟರಿಯು ಬಿಡುವಿನ ಅವಧಿಯನ್ನು ಸುರಕ್ಷಿತವಾಗಿ ಕಳೆಯುತ್ತದೆ. ಅರ್ಧ ಚಾರ್ಜ್‌ನಲ್ಲಿ ಬಿಟ್ಟ ಹೊಸ ಬ್ಯಾಟರಿಯೂ ಒಂದೇ ಹಂಗಾಮಿನಲ್ಲಿ ಹಾಳಾಗಬಹುದು. ಈ ಬಗ್ಗೆ ಮಾಲೀಕರು ತಮ್ಮ ಮಟ್ಟದಲ್ಲಿಯೇ, ಹೆಚ್ಚಿನ ಖರ್ಚಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಯಾವ ಯಂತ್ರಗಳಿಗೆ ಅನ್ವಯಿಸುತ್ತದೆ

ಈ ಮಾಹಿತಿಯು ಸೀಸ ಮತ್ತು ಗಂಧಕಾಮ್ಲದಿಂದ ಕೆಲಸ ಮಾಡುವ 12 ವೋಲ್ಟ್ ಬ್ಯಾಟರಿಗಳಿಗೆ ಸಂಬಂಧಿಸಿದೆ. ಅವುಗಳೆಂದರೆ:

ಅ) ಟ್ರ್ಯಾಕ್ಟರ್ ಬ್ಯಾಟರಿ. ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಸಾಗಾಣಿಕೆ ಟ್ರೇಲರ್‌ಗೆ ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ. ಅದರ ಹಿಂಬದಿ ದೀಪ, ಬ್ರೇಕ್ ದೀಪ ಮತ್ತು ಇಂಡಿಕೇಟರ್‌ಗಳಿಗೆ ಟ್ರ್ಯಾಕ್ಟರ್‌ನ ಹಿಂಭಾಗದ ಪ್ಲಗ್ ಮೂಲಕ ಟ್ರ್ಯಾಕ್ಟರ್ ಬ್ಯಾಟರಿಯಿಂದಲೇ ವಿದ್ಯುತ್ ಪೂರೈಕೆಯಾಗುತ್ತದೆ. ಆದ್ದರಿಂದ ಟ್ರೇಲರ್ ದೀಪಗಳ ಸ್ಥಿತಿಯು ಟ್ರ್ಯಾಕ್ಟರ್ ಬ್ಯಾಟರಿಯ ಸ್ಥಿತಿಯನ್ನು ಅವಲಂಬಿಸಿದೆ.

ಆ) ಟ್ರೇಲರ್ ಮೇಲೆ ಅಳವಡಿಸಿದ ಜನರೇಟರ್ ಹಾಗೂ ಸೆಲ್ಫ್ ಸ್ಟಾರ್ಟ್ ಇರುವ ಡೀಸೆಲ್ ಪಂಪ್‌ಸೆಟ್. ಇವುಗಳಿಗೆ ಸ್ವಂತ ಬ್ಯಾಟರಿ ಇರುತ್ತದೆ. ಮದುವೆ, ಜಾತ್ರೆಗಳ ಕಾಲ ಮುಗಿದ ನಂತರ ಬಹುಕಾಲ ನಿಲ್ಲುವ ಕಾರಣ ಇವುಗಳ ಬಗ್ಗೆ ಹೆಚ್ಚಿನ ಗಮನ ಅಗತ್ಯ.

ಇ) ಸೆಲ್ಫ್ ಸ್ಟಾರ್ಟ್ ಇರುವ ಪವರ್ ಟಿಲ್ಲರ್ ಮತ್ತು ಕಟಾವು ಯಂತ್ರ.

ಈ) ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಚಾಲಿತ ಸಿಂಪಡಣಾ ಯಂತ್ರ. ಇವುಗಳಲ್ಲಿ ನೀರು ಹಾಕುವ ಅಗತ್ಯವಿಲ್ಲದ, ಮುಚ್ಚಿದ ಚಿಕ್ಕ ಬ್ಯಾಟರಿ ಇರುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿ ಇದ್ದು, ಅದರ ಕ್ರಮವು ಬೇರೆಯಾಗಿದೆ. ಅದನ್ನು ಕಂಡಿಕೆ 12ರಲ್ಲಿ ತಿಳಿಸಲಾಗಿದೆ.

3. ಜಿಲ್ಲೆಯಲ್ಲಿ ಯಂತ್ರಗಳ ಬಿಡುವಿನ ಕಾಲ

ಹಾಸನ ತಾಲ್ಲೂಕಿನಲ್ಲಿ ಮುಂಗಾರು ಆಲೂಗಡ್ಡೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಭಾಗದಲ್ಲಿ ತಂಬಾಕು, ಹೊಳೆನರಸೀಪುರ ತಾಲ್ಲೂಕಿನ ಹೇಮಾವತಿ ಅಚ್ಚುಕಟ್ಟಿನಲ್ಲಿ ಭತ್ತ, ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ರಾಗಿ ಮತ್ತು ತೆಂಗು ಮುಖ್ಯ ಬೆಳೆಗಳಾಗಿವೆ. ರಾಗಿ ಮತ್ತು ಭತ್ತದ ಕೊಯ್ಲು, ಒಕ್ಕಣೆ ಹಾಗೂ ಸಾಗಾಣಿಕೆ ಸಾಮಾನ್ಯವಾಗಿ ಡಿಸೆಂಬರ್–ಜನವರಿ ವೇಳೆಗೆ ಮುಗಿಯುತ್ತದೆ. ನಂತರ ಏಪ್ರಿಲ್–ಮೇ ತಿಂಗಳ ಮೊದಲ ಮಳೆಯವರೆಗೆ ಅನೇಕ ಟ್ರ್ಯಾಕ್ಟರ್‌ಗಳಿಗೆ ಕೆಲಸ ಕಡಿಮೆ. ಬಿತ್ತನೆ ಮುಗಿದು ಕೊಯ್ಲು ಆರಂಭವಾಗುವವರೆಗಿನ ಸೆಪ್ಟೆಂಬರ್–ಅಕ್ಟೋಬರ್ ಅವಧಿಯು ಎರಡನೇ ಬಿಡುವಿನ ಕಾಲವಾಗಿದೆ.

ಈ ಪೈಕಿ ಬೇಸಿಗೆಯ ಬಿಡುವು ಬ್ಯಾಟರಿಗೆ ಹೆಚ್ಚು ಅಪಾಯಕಾರಿ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಲ್ಲಿ ಬ್ಯಾಟರಿ ತಾನಾಗಿ ಚಾರ್ಜ್ ಕಳೆದುಕೊಳ್ಳುವ ವೇಗ ಸುಮಾರು ಎರಡರಷ್ಟಾಗುತ್ತದೆ. ಹಾಸನದ ಹವಾಗುಣ ತಂಪಾದುದೇ ಆದರೂ, ತಗಡಿನ ಶೆಡ್‌ನ ಒಳಗೆ ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಶಾಖ ಹೊರಗಿನ ನೆರಳಿಗಿಂತ ಬಹಳ ಹೆಚ್ಚಾಗಿರುತ್ತದೆ. ಅರಕಲಗೂಡಿನ ಪಶ್ಚಿಮ ಭಾಗದಂತಹ ಹೆಚ್ಚು ಮಳೆ ಬೀಳುವ ಕಡೆ ಮಳೆಗಾಲದ ತೇವಾಂಶದಿಂದ ಬ್ಯಾಟರಿಯ ಮೇಲ್ಭಾಗದ ಧೂಳು ಒದ್ದೆಯಾಗಿ, ಎರಡು ತುದಿಗಳ ನಡುವೆ ವಿದ್ಯುತ್ ಸೋರುತ್ತದೆ ಮತ್ತು ಟರ್ಮಿನಲ್‌ಗಳು ಕಿಲುಬು ಹಿಡಿಯುತ್ತವೆ.

ಭರಣಿ, ಕೃತ್ತಿಕೆ ಮಳೆ ಬಿದ್ದ ಮರುದಿನ ಮಣ್ಣಿನ ಹದ ಕೆಲವೇ ದಿನ ಇರುತ್ತದೆ. ಊರಿನ ಎಲ್ಲರಿಗೂ ಅದೇ ದಿನಗಳಲ್ಲಿ ಟ್ರ್ಯಾಕ್ಟರ್ ಬೇಕಾಗಿರುತ್ತದೆ. ಆ ದಿನ ಬ್ಯಾಟರಿ ಕೈಕೊಟ್ಟರೆ ಆಗುವ ನಷ್ಟ ಬ್ಯಾಟರಿಯ ಬೆಲೆಗೆ ಸೀಮಿತವಾಗದೆ, ಹದ ತಪ್ಪಿ ಬಿತ್ತನೆಯೇ ಹಿಂದೆ ಬೀಳುತ್ತದೆ. ಬಾಡಿಗೆಗೆ ಉಳುಮೆ ಮಾಡುವವರಿಗೆ ವರ್ಷದ ಮುಖ್ಯ ದುಡಿಮೆಯ ದಿನಗಳೇ ಕೈತಪ್ಪುತ್ತವೆ.

4. ನಿಂತ ಬ್ಯಾಟರಿ ಹಾಳಾಗುವ ಬಗೆ

12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪ್ರತಿಯೊಂದು ಕೋಶವು ಸುಮಾರು 2.1 ವೋಲ್ಟ್ ನೀಡುತ್ತದೆ. ಕೋಶದೊಳಗೆ ಸೀಸದ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿ ವಿದ್ಯುತ್ ನೀಡುವಾಗ ಆಮ್ಲದ ಅಂಶವು ಫಲಕಗಳನ್ನು ಸೇರಿ ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದಾಗ ಅದು ಮರಳಿ ಆಮ್ಲವಾಗುತ್ತದೆ. ಇದು ಸಹಜ ಕ್ರಿಯೆ.

ಆದರೆ ಚಾರ್ಜ್ ಇಳಿದ ಬ್ಯಾಟರಿಯನ್ನು ಬಹುದಿನ ಹಾಗೆಯೇ ಬಿಟ್ಟಲ್ಲಿ ಸಲ್ಫೇಟ್‌ನ ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ. ಗಟ್ಟಿಯಾದ ಹರಳು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಫಲಕದ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಇಂತಹ ಬ್ಯಾಟರಿಯು ಚಾರ್ಜರ್‌ಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ತುಂಬಿದಂತೆ ತೋರಿ, ಸೆಲ್ಫ್ ಹೊಡೆದ ಕೂಡಲೇ ಕುಸಿಯುತ್ತದೆ. ಬಿಡುವಿನ ನಂತರ ಬದಲಾಯಿಸಬೇಕಾಗಿ ಬರುವ ಬ್ಯಾಟರಿಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುವ ದೋಷವಾಗಿದೆ.

5. ಚಾರ್ಜ್‌ನ ಜಮಾ–ಖರ್ಚು

ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್ ಗಂಟೆಗಳಲ್ಲಿ ಅದರ ಮೇಲೆಯೇ ನಮೂದಿಸಿರುತ್ತಾರೆ. 75 ಆಂಪಿಯರ್ ಗಂಟೆಯ ಬ್ಯಾಟರಿಯನ್ನು ಉದಾಹರಣೆಯಾಗಿ ತೆಗೆದುಕೊಂಡು ಎರಡು ತಿಂಗಳ ಲೆಕ್ಕವನ್ನು ಈ ಕೆಳಕಂಡಂತೆ ತಿಳಿಯಬಹುದು.

ಮೊದಲನೇ ಸಂದರ್ಭ: ತಂತಿ ಬಿಡಿಸದೆ ನಿಲ್ಲಿಸಿದ ಟ್ರ್ಯಾಕ್ಟರ್. ಕೀಲಿ ತೆಗೆದಿದ್ದರೂ ಟೇಪ್ ರೆಕಾರ್ಡರ್, ಮ್ಯೂಸಿಕ್ ಸಿಸ್ಟಂ, ವಾಹನ ಇರುವ ಸ್ಥಳ ತಿಳಿಸುವ ಜಿ.ಪಿ.ಎಸ್. ಸಾಧನ, ಹೊರಗಿನಿಂದ ಕೂಡಿಸಿದ ದೀಪಗಳ ದೋಷಪೂರಿತ ಸ್ವಿಚ್ ಮುಂತಾದವು ಅಲ್ಪ ಪ್ರಮಾಣದ ವಿದ್ಯುತ್ತನ್ನು ನಿರಂತರ ಎಳೆಯುತ್ತವೆ. ಈ ಸೆಳೆತ ಕೇವಲ 0.05 ಆಂಪಿಯರ್ ಎಂದು ಭಾವಿಸಿದರೂ ದಿನಕ್ಕೆ 1.2, ತಿಂಗಳಿಗೆ 36, ಎರಡು ತಿಂಗಳಿಗೆ 72 ಆಂಪಿಯರ್ ಗಂಟೆ ಖರ್ಚಾಗುತ್ತದೆ. ಅಂದರೆ ಬ್ಯಾಟರಿ ಪೂರ್ಣ ಬರಿದಾಗುತ್ತದೆ.

ಎರಡನೇ ಸಂದರ್ಭ: ತಂತಿ ಬಿಡಿಸಿ ಇಟ್ಟ ಬ್ಯಾಟರಿ. ಇಲ್ಲಿ ಬ್ಯಾಟರಿಯ ಸ್ವಯಂ ಸೋರಿಕೆ ಮಾತ್ರ ಇರುತ್ತದೆ. ಇದು ಬ್ಯಾಟರಿಯ ಬಗೆ, ವಯಸ್ಸು ಮತ್ತು ಶಾಖವನ್ನು ಅವಲಂಬಿಸಿದೆ. ತಿಂಗಳಿಗೆ ಶೇಕಡ 5 ಎಂದು ಲೆಕ್ಕ ಹಿಡಿದಲ್ಲಿ 3.75 ಆಂಪಿಯರ್ ಗಂಟೆ, ಎರಡು ತಿಂಗಳಿಗೆ ಸುಮಾರು 7.5 ಆಂಪಿಯರ್ ಗಂಟೆ ಕಳೆದು, ಶೇಕಡ 90ರಷ್ಟು ಉಳಿಯುತ್ತದೆ. ಹಳೆಯ ಬ್ಯಾಟರಿಗಳಲ್ಲಿ ಹಾಗೂ ಬಿಸಿ ಜಾಗದಲ್ಲಿ ಸೋರಿಕೆ ಇದಕ್ಕಿಂತ ಹೆಚ್ಚಿರುತ್ತದೆ.

ಮೂರನೇ ಸಂದರ್ಭ: ತಂತಿ ಬಿಡಿಸಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿದ ಬ್ಯಾಟರಿ. ಹಂಗಾಮು ಆರಂಭವಾಗುವ ದಿನ ಇದು ಪೂರ್ಣ ಚಾರ್ಜ್‌ನಲ್ಲಿರುತ್ತದೆ.

ಈ ಕ್ರಮದ ವೆಚ್ಚವೂ ಅಲ್ಪವಾಗಿದೆ. ಸುಮಾರು ಅರ್ಧ ಬರಿದಾದ ಇಂತಹ ಬ್ಯಾಟರಿಯನ್ನು ತುಂಬಲು, ಚಾರ್ಜರ್‌ನಲ್ಲಿ ಆಗುವ ನಷ್ಟವೂ ಸೇರಿ, ಒಂದು ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಸಾಕು. ತಿಂಗಳ ಸೋರಿಕೆಯನ್ನು ತುಂಬಲು ಇದಕ್ಕೂ ಬಹಳ ಕಡಿಮೆ ಸಾಕಾಗುತ್ತದೆ. ಇನ್ನೊಂದೆಡೆ ಹೊಸ ಬ್ಯಾಟರಿಗೆ ಹಲವು ಸಾವಿರ ರೂಪಾಯಿ ತೆರಬೇಕಾಗುತ್ತದೆ.

6. ಯಂತ್ರ ನಿಲ್ಲಿಸುವ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

ಎರಡು ವಾರಕ್ಕಿಂತ ಹೆಚ್ಚು ಕಾಲ ಯಂತ್ರ ನಿಲ್ಲುವುದಿದ್ದಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಕ್ರಮವಾಗಿ ಅನುಸರಿಸುವುದು.

1) ಕೀಲಿ ತೆಗೆದು, ಎಲ್ಲಾ ದೀಪ ಮತ್ತು ಸ್ವಿಚ್‌ಗಳನ್ನು ಆರಿಸುವುದು. ಟ್ರೇಲರ್‌ನ ಪ್ಲಗ್ ಬಿಡಿಸುವುದು. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಹೊಸ ಟ್ರ್ಯಾಕ್ಟರ್‌ಗಳಲ್ಲಿ ಕೀಲಿ ತೆಗೆದ ನಂತರ ಕೆಲವು ನಿಮಿಷ ಬಿಟ್ಟು ತಂತಿ ಬಿಡಿಸುವುದು. ಈ ಬಗ್ಗೆ ಯಂತ್ರದ ಕೈಪಿಡಿಯನ್ನು ನೋಡತಕ್ಕದ್ದು.

2) ಮೊದಲು ನೆಗೆಟಿವ್ ತಂತಿಯನ್ನು, ನಂತರ ಪಾಸಿಟಿವ್ ತಂತಿಯನ್ನು ಬಿಡಿಸುವುದು. ಮರಳಿ ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ನೆಗೆಟಿವ್ ತುದಿಯು ಯಂತ್ರದ ಬಾಡಿಗೆ ಕೂಡಿರುತ್ತದೆ. ಮೊದಲು ಪಾಸಿಟಿವ್ ಬಿಚ್ಚಲು ಹೋದಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಭಾರಿ ಕಿಡಿ ಹಾರಿ ಸುಟ್ಟ ಗಾಯ ಅಥವಾ ಸ್ಫೋಟ ಉಂಟಾಗಬಹುದು.

3) ಬ್ಯಾಟರಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವುದು. ಟರ್ಮಿನಲ್‌ಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಿಂದ ತೊಳೆದು, ಬ್ರಷ್‌ನಿಂದ ಉಜ್ಜಿ, ಒಣಗಿದ ನಂತರ ಪೆಟ್ರೋಲಿಯಂ ಜೆಲ್ಲಿ ಸವರುವುದು. ಸೋಡಾ ನೀರು ಕೋಶದ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಬೇಕು.

4) ನೀರು ಹಾಕುವ ಬಗೆಯ ಬ್ಯಾಟರಿಯಾಗಿದ್ದಲ್ಲಿ ಪ್ರತಿ ಕೋಶದ ಮಟ್ಟ ಪರೀಕ್ಷಿಸುವುದು. ಫಲಕಗಳು ತೆರೆದುಕೊಂಡಿದ್ದಲ್ಲಿ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡುವುದು. ಪೂರ್ಣ ಚಾರ್ಜ್ ಆದ ನಂತರ ಗರಿಷ್ಠ ಗುರುತಿನವರೆಗೆ ತುಂಬುವುದು. ಮೊದಲೇ ಪೂರ್ತಿ ತುಂಬಿದಲ್ಲಿ ಚಾರ್ಜ್ ಆಗುವಾಗ ಉಕ್ಕಿ ಆಮ್ಲ ಹೊರಚೆಲ್ಲುತ್ತದೆ.

5) ಕೊಳವೆ ಬಾವಿ ನೀರು, ನಲ್ಲಿ ನೀರು ಅಥವಾ ಕುಡಿಯುವ ಶುದ್ಧೀಕರಿಸಿದ ನೀರನ್ನು ಹಾಕಬಾರದು. ಅವುಗಳಲ್ಲಿನ ಲವಣಗಳು ಫಲಕಕ್ಕೆ ಹಾನಿ ಮಾಡುತ್ತವೆ. ಮಟ್ಟ ಕಡಿಮೆಯಾಯಿತೆಂದು ಆಮ್ಲವನ್ನು ಎಂದಿಗೂ ಹಾಕಬಾರದು. ಆವಿಯಾಗಿ ಹೋಗುವುದು ನೀರು ಮಾತ್ರ.

6) ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ, ಗಾಳಿಯಾಡುವ, ತಂಪಾದ, ಬಿಸಿಲು ಬೀಳದ, ಮಕ್ಕಳಿಗೆ ಎಟುಕದ ಜಾಗದಲ್ಲಿ ಹಲಗೆಯ ಮೇಲೆ ಇಡುವುದು. ಮಲಗುವ ಕೋಣೆ, ಅಡುಗೆ ಮನೆ, ಹುಲ್ಲು ಅಥವಾ ಗೊಬ್ಬರ ದಾಸ್ತಾನಿನ ಬಳಿ ಇಡಬಾರದು.

7) ಇಟ್ಟ ದಿನಾಂಕ ಮತ್ತು ಅಂದಿನ ವೋಲ್ಟ್ ಅನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಟರಿಗೆ ಅಂಟಿಸುವುದು.

ಬ್ಯಾಟರಿಯನ್ನು ಯಂತ್ರದಿಂದ ಇಳಿಸಲು ಸಾಧ್ಯವಾಗದಿದ್ದಲ್ಲಿ ನೆಗೆಟಿವ್ ತಂತಿಯನ್ನಾದರೂ ಬಿಡಿಸಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ ಕಟ್ಟುವುದು.

7. ತಿಂಗಳ ತಪಾಸಣೆ

ತಪಾಸಣೆಗೆ ಮಲ್ಟಿಮೀಟರ್ ಸಾಕು. ಚಾರ್ಜ್ ಮಾಡಿದ ಅಥವಾ ಎಂಜಿನ್ ಓಡಿಸಿದ ಕೂಡಲೇ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಕನಿಷ್ಠ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯುವುದು. ಅಂದಾಜು ಮಟ್ಟಗಳು ಹೀಗಿವೆ:

12.5 ರಿಂದ 12.7 ವೋಲ್ಟ್: ಪೂರ್ಣ ಅಥವಾ ಬಹುತೇಕ ಪೂರ್ಣ. ಕ್ರಮ ಬೇಕಿಲ್ಲ.
12.4 ವೋಲ್ಟ್ ಆಸುಪಾಸು: ಇಳಿಯತೊಡಗಿದೆ. ಚಾರ್ಜ್ ಮಾಡುವುದು.
12.2 ವೋಲ್ಟ್ ಆಸುಪಾಸು: ಅರ್ಧಕ್ಕೆ ಇಳಿದಿದೆ. ಕೂಡಲೇ ಚಾರ್ಜ್ ಮಾಡುವುದು.
12.0 ವೋಲ್ಟ್ ಮತ್ತು ಕೆಳಗೆ: ಬಹುತೇಕ ಬರಿದಾಗಿದೆ. ಅದೇ ದಿನ ಚಾರ್ಜ್‌ಗೆ ಹಾಕುವುದು.
10.5 ವೋಲ್ಟ್ ಆಸುಪಾಸಿನಲ್ಲಿ ನಿಂತು ಮೇಲೇರದಿದ್ದಲ್ಲಿ: ಒಂದು ಕೋಶ ಕೆಟ್ಟಿರುವ ಸಂಭವವಿದೆ. ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷಿಸುವುದು.

ನೀರು ಹಾಕುವ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್‌ನಿಂದ ಪ್ರತಿ ಕೋಶದ ಆಮ್ಲದ ಸಾಂದ್ರತೆಯನ್ನು ನೋಡಬಹುದು. ಪೂರ್ಣ ಚಾರ್ಜ್‌ನಲ್ಲಿ ಇದು ತಯಾರಕರಿಗೆ ಅನುಗುಣವಾಗಿ 1.240 ರಿಂದ 1.265ರ ಆಸುಪಾಸಿನಲ್ಲಿರುತ್ತದೆ. ಅಂಗಡಿಯವರ ಬಳಿ 1240, 1260 ಎಂದು ಹೇಳುವುದೂ ಇದನ್ನೇ. 1.200ಕ್ಕಿಂತ ಕೆಳಗಿದ್ದಲ್ಲಿ ಚಾರ್ಜ್ ಅಗತ್ಯ. ಐದು ಕೋಶಗಳು ಸರಿಯಿದ್ದು ಒಂದು ಮಾತ್ರ ಬಹಳ ಕಡಿಮೆ ತೋರಿಸಿದಲ್ಲಿ ಆ ಕೋಶ ದೋಷಪೂರಿತವೆಂದು ತಿಳಿಯತಕ್ಕದ್ದು.

8. ಚಾರ್ಜ್ ಮಾಡುವ ವಿಧಾನಗಳು

ಅ) ಸಾಮಾನ್ಯ ಚಾರ್ಜರ್. ಚಾರ್ಜ್ ಮಾಡುವ ವಿದ್ಯುತ್ ಪ್ರವಾಹವು ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗವನ್ನು ಮೀರದಿರುವುದು ಸೂಕ್ತ. 75 ಆಂಪಿಯರ್ ಗಂಟೆಯ ಬ್ಯಾಟರಿಗೆ ಸುಮಾರು 7 ಆಂಪಿಯರ್. ತುರ್ತಾಗಿ ಬೇಕೆಂದು ಹೆಚ್ಚಿನ ಪ್ರವಾಹದಲ್ಲಿ ಚಾರ್ಜ್ ಮಾಡಿಸಿದರೆ ಫಲಕಗಳು ಬಿಸಿಯಾಗಿ ಬಾಗುತ್ತವೆ. ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾದಲ್ಲಿ ಚಾರ್ಜರ್ ಆರಿಸಿ ತಣಿಯಲು ಬಿಡುವುದು. ಚಾರ್ಜರ್ ತಂತಿಗಳನ್ನು ಮೊದಲು ಬ್ಯಾಟರಿಗೆ ಜೋಡಿಸಿ ನಂತರ ಸ್ವಿಚ್ ಹಾಕುವುದು. ತೆಗೆಯುವಾಗ ಮೊದಲು ಸ್ವಿಚ್ ಆರಿಸುವುದು.

ಆ) ತಾನಾಗಿ ನಿಲ್ಲುವ ಚಾರ್ಜರ್. ಬ್ಯಾಟರಿ ತುಂಬಿದ ನಂತರ ಸುಮಾರು 13.5 ರಿಂದ 13.8 ವೋಲ್ಟ್‌ನಲ್ಲಿ ಅಲ್ಪ ಪ್ರವಾಹ ಮಾತ್ರ ನೀಡುವ ಚಾರ್ಜರ್‌ಗಳು ಲಭ್ಯವಿವೆ. ಬಹುಕಾಲ ನಿಲ್ಲುವ ಜನರೇಟರ್‌ಗಳಿಗೆ ಇದು ಅನುಕೂಲಕರ. ಸಾಮಾನ್ಯ ಚಾರ್ಜರ್ ಅನ್ನು ದಿನಗಟ್ಟಲೆ ಹಾಕಿ ಬಿಡಬಾರದು. ನೀರು ಬತ್ತಿ ಫಲಕ ಹಾಳಾಗುತ್ತದೆ.

ಇ) ಸೌರ ಫಲಕ. ವಿದ್ಯುತ್ ಸಂಪರ್ಕವಿಲ್ಲದ ತೋಟದ ಶೆಡ್‌ಗಳಲ್ಲಿ 10 ರಿಂದ 20 ವ್ಯಾಟ್‌ನ 12 ವೋಲ್ಟ್ ಸೌರ ಫಲಕವು ಬಿಡುವಿನ ಕಾಲದ ಸೋರಿಕೆ ತುಂಬಲು ಸಾಕಾಗುತ್ತದೆ. ಫಲಕ ಮತ್ತು ಬ್ಯಾಟರಿ ನಡುವೆ ಚಾರ್ಜ್ ಕಂಟ್ರೋಲರ್ ಕಡ್ಡಾಯವಾಗಿ ಇರಬೇಕು. ಫಲಕದ ಮೇಲೆ ತೆಂಗಿನ ಗರಿಯ ನೆರಳು ಬೀಳದಂತೆ ನೋಡಿಕೊಳ್ಳುವುದು. ಭಾಗಶಃ ನೆರಳಿನಿಂದಲೂ ಉತ್ಪಾದನೆ ಬಹಳ ಕುಸಿಯುತ್ತದೆ.

ಈ) ಚಾರ್ಜರ್ ಅನ್ನು ಮನೆಯ ಸಿಂಗಲ್ ಫೇಸ್ ಸಂಪರ್ಕದಲ್ಲಿ, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್‌ಗೆ ಮಾತ್ರ ಹಾಕುವುದು. ಪಂಪ್‌ಸೆಟ್‌ನ ತಂತಿಯಿಂದ ನೇರವಾಗಿ ಕೊಕ್ಕೆ ಹಾಕಿ ಚಾರ್ಜ್ ಮಾಡುವುದು ಪ್ರಾಣಾಪಾಯಕಾರಿಯಾಗಿದೆ.

9. ಸುರಕ್ಷತೆ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಇದು ಸಣ್ಣ ಕಿಡಿಗೂ ಸ್ಫೋಟಿಸುತ್ತದೆ. ಬೀಡಿ, ಬೆಂಕಿಕಡ್ಡಿ, ದೀಪ, ವೆಲ್ಡಿಂಗ್ ಕೆಲಸ ಹತ್ತಿರದಲ್ಲಿ ಇರಬಾರದು. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಬಾರದು, ಟಾರ್ಚ್ ಬಳಸುವುದು. ಎರಡು ಟರ್ಮಿನಲ್‌ಗಳಿಗೆ ತಂತಿ ತಾಗಿಸಿ ಕಿಡಿ ನೋಡಿ ಚಾರ್ಜ್ ಅಂದಾಜಿಸುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡಬೇಕು.

ಆಮ್ಲ ಚರ್ಮಕ್ಕೆ ತಗುಲಿದಲ್ಲಿ ಕೂಡಲೇ ಹರಿಯುವ ನೀರಿನಲ್ಲಿ ತೊಳೆಯುವುದು. ಕಣ್ಣಿಗೆ ಬಿದ್ದಲ್ಲಿ ರೆಪ್ಪೆ ತೆರೆದು ಕನಿಷ್ಠ 20 ನಿಮಿಷ ಶುದ್ಧ ನೀರು ಹಾಯಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಸುಣ್ಣ, ಸೋಡಾ ಅಥವಾ ಮನೆಮದ್ದು ಕಣ್ಣಿಗೆ ಹಾಕಬಾರದು. ಆಂಬ್ಯುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

ಬ್ಯಾಟರಿ ಎತ್ತುವ ಮುನ್ನ ಉಂಗುರ, ಕೈಗಡಿಯಾರ ಮತ್ತು ಲೋಹದ ಬಳೆ ತೆಗೆದಿಡುವುದು. ಬ್ಯಾಟರಿಯನ್ನು ಓರೆಯಾಗಿ ಹಿಡಿಯಬಾರದು.

10. ಟ್ರೇಲರ್ ದೀಪಗಳ ಬಗ್ಗೆ

ಬ್ಯಾಟರಿ ದುರ್ಬಲವಿರುವ ಟ್ರ್ಯಾಕ್ಟರ್ ಅನ್ನು ತಳ್ಳಿ ಅಥವಾ ಇಳಿಜಾರಿನಲ್ಲಿ ಬಿಟ್ಟು ಚಾಲು ಮಾಡಿ, ಟ್ರೇಲರ್ ಕಟ್ಟಿ ರಸ್ತೆಗೆ ಒಯ್ಯುವುದು ಕಂಡುಬರುತ್ತದೆ. ಎಂಜಿನ್ ನಿಂತ ಕ್ಷಣದಲ್ಲಿ ಇಂತಹ ಟ್ರೇಲರ್‌ನ ಹಿಂಬದಿ ದೀಪಗಳೂ ಆರುತ್ತವೆ. ಚನ್ನರಾಯಪಟ್ಟಣ ಮತ್ತು ಹಾಸನದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಗೂ ಹೊಳೆನರಸೀಪುರ–ಹಾಸನ ರಸ್ತೆಗಳಲ್ಲಿ ರಾತ್ರಿ ವೇಳೆ ಕಬ್ಬು, ಹುಲ್ಲು, ತೆಂಗಿನಕಾಯಿ ತುಂಬಿ ಕೆಟ್ಟು ನಿಂತ ಟ್ರೇಲರ್ ಹಿಂದಿನಿಂದ ಬರುವ ವಾಹನಕ್ಕೆ ಕಾಣುವುದಿಲ್ಲ. ಬ್ಯಾಟರಿಯ ನಿರ್ಲಕ್ಷ್ಯ ಇಲ್ಲಿ ಜೀವಹಾನಿಗೆ ಕಾರಣವಾಗಬಹುದು.

ಆದ್ದರಿಂದ ಬಿಡುವಿನ ನಂತರ ಟ್ರೇಲರ್ ಅನ್ನು ರಸ್ತೆಗೆ ಒಯ್ಯುವ ಮುನ್ನ:

1) ಪ್ಲಗ್ ಮತ್ತು ಸಾಕೆಟ್‌ನ ಪಿನ್ನುಗಳ ಕಿಲುಬು ತೆಗೆಯುವುದು.
2) ಇಲಿ ಕಡಿದ ತಂತಿಗಳನ್ನು ಬದಲಾಯಿಸುವುದು. ಕಡಿದ ತಂತಿ ಚೌಕಟ್ಟಿಗೆ ತಾಗಿದ್ದಲ್ಲಿ ಫ್ಯೂಸ್ ಸುಡಬಹುದು, ಬ್ಯಾಟರಿಯೂ ಬರಿದಾಗಬಹುದು.
3) ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಹಿಂಬದಿ ದೀಪ, ಬ್ರೇಕ್ ದೀಪ, ಇಂಡಿಕೇಟರ್ ಉರಿಯುವುದನ್ನು ಖಚಿತಪಡಿಸಿಕೊಳ್ಳುವುದು.
4) ದೀಪಗಳಿದ್ದರೂ ಟ್ರೇಲರ್‌ನ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವುದು. ಇದಕ್ಕೆ ವಿದ್ಯುತ್ ಬೇಕಿಲ್ಲ.

11. ಮತ್ತೆ ಬಳಕೆಗೆ ತರುವ ಕ್ರಮ

ಹಂಗಾಮಿಗೆ ಒಂದು ವಾರ ಮೊದಲೇ ಬ್ಯಾಟರಿ ಜೋಡಿಸಿ ಪರೀಕ್ಷಿಸತಕ್ಕದ್ದು. ಮಳೆ ಬಿದ್ದ ದಿನ ಪರೀಕ್ಷಿಸಿದಲ್ಲಿ ದುರಸ್ತಿಗೆ ಸಮಯ ಸಿಗುವುದಿಲ್ಲ. ಒಮ್ಮೆಗೆ ಹತ್ತು ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಮತ್ತೊಮ್ಮೆ ಹೊಡೆಯುವ ಮುನ್ನ ಸ್ವಲ್ಪ ಬಿಡುವು ಕೊಡುವುದು. ಸೆಲ್ಫ್ ಹೊಡೆಯುವಾಗ ವೋಲ್ಟ್ 9.6ಕ್ಕಿಂತ ಕೆಳಗೆ ಬಿದ್ದಲ್ಲಿ ಬ್ಯಾಟರಿ ದುರ್ಬಲವಿದೆ ಎಂದು ತಿಳಿಯುವುದು. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಬ್ಯಾಟರಿ ತುದಿಗಳಲ್ಲಿ ಸುಮಾರು 13.8 ರಿಂದ 14.4 ವೋಲ್ಟ್ ತೋರಿಸಬೇಕು. ಕಡಿಮೆಯಿದ್ದಲ್ಲಿ ಆಲ್ಟರ್ನೇಟರ್ ಅಥವಾ ಬೆಲ್ಟ್ ಅನ್ನು ಪರೀಕ್ಷಿಸುವುದು. ಆ ದೋಷ ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ.

ಬೇರೆ ವಾಹನದ ಬ್ಯಾಟರಿಯಿಂದ ಚಾಲು ಮಾಡಬೇಕಾದಲ್ಲಿ ಅದು ಸಹ 12 ವೋಲ್ಟ್ ಆಗಿರಬೇಕು. ಪಾಸಿಟಿವ್‌ಗೆ ಪಾಸಿಟಿವ್ ಜೋಡಿಸಿ, ನೆಗೆಟಿವ್ ತಂತಿಯ ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಗೆ ಕೊಡದೆ, ಅದರಿಂದ ದೂರದಲ್ಲಿ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಜೋಡಿಸುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲು ಮಾಡಿದರೆ ಸಾಲದೆ?
ಉತ್ತರ: ಸಾಲದು. ಎಂಜಿನ್ ನಿಧಾನವಾಗಿ ಓಡುವಾಗ ಆಲ್ಟರ್ನೇಟರ್ ನೀಡುವ ವಿದ್ಯುತ್ ಕಡಿಮೆ. 10 ಆಂಪಿಯರ್ ಸಿಕ್ಕಿತೆಂದು ಭಾವಿಸಿದರೂ ಐದು ನಿಮಿಷಕ್ಕೆ ಒಂದು ಆಂಪಿಯರ್ ಗಂಟೆಯೂ ಜಮಾ ಆಗುವುದಿಲ್ಲ. ಅದರಲ್ಲಿ ಸೆಲ್ಫ್ ಹೊಡೆದ ಖರ್ಚೂ ಕಳೆಯಬೇಕು. ಕಂಡಿಕೆ 5ರ ಮೊದಲನೇ ಸಂದರ್ಭದಲ್ಲಿ ವಾರದ ಖರ್ಚು 8.4 ಆಂಪಿಯರ್ ಗಂಟೆ. ಚಾರ್ಜರ್ ಇಲ್ಲದವರು ಅರ್ಧ ಗಂಟೆಗೂ ಹೆಚ್ಚು ಕಾಲ ಮಧ್ಯಮ ವೇಗದಲ್ಲಿ ಓಡಿಸಬಹುದು. ಆದರೆ ಡೀಸೆಲ್ ವೆಚ್ಚ ನೋಡಿದಲ್ಲಿ ಚಾರ್ಜರ್ ಲಾಭದಾಯಕ.

ಪ್ರಶ್ನೆ: ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದೆಯೇ?
ಉತ್ತರ: ಹಿಂದಿನ ಕಾಲದ ಮರ ಹಾಗೂ ಗಟ್ಟಿ ರಬ್ಬರ್ ಪೆಟ್ಟಿಗೆಯ ಬ್ಯಾಟರಿಗಳ ಕಾಲದಿಂದ ಬಂದ ಮಾತು ಇದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲಕ ನೆಲಕ್ಕೆ ವಿದ್ಯುತ್ ಸೋರುವುದಿಲ್ಲ. ಆಮ್ಲ ಚೆಲ್ಲಿದರೆ ನೆಲ ಹಾಳಾಗದಿರಲಿ ಹಾಗೂ ತೇವ ತಾಗದಿರಲಿ ಎಂಬ ಕಾರಣಕ್ಕೆ ಹಲಗೆಯ ಮೇಲೆ ಇಡುವುದು ಒಳ್ಳೆಯದು.

ಪ್ರಶ್ನೆ: ‘ಮೆಂಟೆನೆನ್ಸ್ ಫ್ರೀ’ ಬ್ಯಾಟರಿಗೂ ಈ ಕ್ರಮ ಬೇಕೇ?
ಉತ್ತರ: ಬೇಕು. ಅದಕ್ಕೆ ನೀರು ಹಾಕುವ ಕೆಲಸ ಮಾತ್ರ ಇಲ್ಲ. ತಂತಿ ಬಿಡಿಸುವುದು ಮತ್ತು ಚಾರ್ಜ್ ಕಾಪಾಡುವುದು ಅದಕ್ಕೂ ಅನ್ವಯಿಸುತ್ತದೆ.

ಪ್ರಶ್ನೆ: ಸಿಂಪಡಣಾ ಯಂತ್ರದ ಬ್ಯಾಟರಿಯನ್ನು ಹೇಗೆ ಇಡಬೇಕು?
ಉತ್ತರ: ಸೀಸದ ಬ್ಯಾಟರಿಯಾಗಿದ್ದಲ್ಲಿ ಕೊನೆಯ ಸಿಂಪಡಣೆಯ ದಿನವೇ ಪೂರ್ಣ ಚಾರ್ಜ್ ಮಾಡಿ, ನಂತರ ತಿಂಗಳಿಗೊಮ್ಮೆ, ತಪ್ಪಿದಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡುವುದು. ಲಿಥಿಯಂ ಬ್ಯಾಟರಿಯಾಗಿದ್ದಲ್ಲಿ ಪೂರ್ತಿ ತುಂಬದೆ ಸುಮಾರು ಅರ್ಧ ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿ ಇಡುವುದು ಸೂಕ್ತ. ಅದಕ್ಕೆ ತಯಾರಕರು ನೀಡಿದ ಚಾರ್ಜರ್ ಮಾತ್ರ ಬಳಸುವುದು.

ಪ್ರಶ್ನೆ: ಪೂರ್ಣ ಬರಿದಾಗಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಸರಿಹೋಗುವುದೇ?
ಉತ್ತರ: ಕೆಲವು ಬ್ಯಾಟರಿಗಳು ಕಡಿಮೆ ಪ್ರವಾಹದಲ್ಲಿ ಒಂದೆರಡು ದಿನ ಚಾರ್ಜ್ ಮಾಡಿದಾಗ ಭಾಗಶಃ ಚೇತರಿಸಿಕೊಳ್ಳುತ್ತವೆ. ಮೊದಲಿನ ಸಾಮರ್ಥ್ಯ ಮರಳುವ ಭರವಸೆ ಇಲ್ಲ. ಬ್ಯಾಟರಿಗೆ ಹಾಕುವ ಪುಡಿ ಅಥವಾ ದ್ರವಗಳನ್ನು ನಂಬಿ ಹಣ ವ್ಯಯಿಸುವ ಮುನ್ನ ಅಂಗಡಿಯಲ್ಲಿ ಲೋಡ್ ಪರೀಕ್ಷೆ ಮಾಡಿಸುವುದು ಸೂಕ್ತ.

13. ಹಳೆಯ ಬ್ಯಾಟರಿಯ ವಿಲೇವಾರಿ

ನಿರುಪಯುಕ್ತ ಬ್ಯಾಟರಿಯಲ್ಲಿನ ಸೀಸ ವಿಷಕಾರಿ. ಅದನ್ನು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ಲೋಹವೆಂದು ಗುರುತಿಸಲಾಗಿದೆ. ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆಯಬಾರದು. ಆಮ್ಲವನ್ನು ಹೊಲ, ಕೆರೆ, ಚರಂಡಿ ಅಥವಾ ನಾಲೆಗೆ ಸುರಿಯಬಾರದು. 2001ರ ಬ್ಯಾಟರಿ ನಿಯಮಗಳ ಬದಲಿಗೆ ಕೇಂದ್ರ ಸರ್ಕಾರವು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಅನ್ನು ಜಾರಿಗೆ ತಂದಿದೆ. ಇದರ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದಾಗಿದ್ದು, ಬಳಕೆದಾರರು ಇತರ ಕಸದೊಂದಿಗೆ ಬೆರೆಸದೆ ಅದನ್ನು ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ಒಪ್ಪಿಸಬೇಕಾಗುತ್ತದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಹಿಂದಿರುಗಿಸಿದಲ್ಲಿ ಸಾಮಾನ್ಯವಾಗಿ ಬೆಲೆಯಲ್ಲಿ ವಜಾ ಸಿಗುತ್ತದೆ. ಅದನ್ನು ಬಿಲ್ಲಿನಲ್ಲಿ ನಮೂದಿಸಲು ಕೇಳುವುದು.

14. ಯಂತ್ರೋಪಕರಣ ಸೌಲಭ್ಯ ಪಡೆಯುವವರ ಗಮನಕ್ಕೆ

ಕೃಷಿ ಯಾಂತ್ರೀಕರಣ ಯೋಜನೆಯಡಿ ಸಹಾಯಧನ ಕೋರುವ ರೈತರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಹೊಂದಿದ್ದು, ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವುದು. ಲಭ್ಯ ಉಪಕರಣಗಳು, ಸಹಾಯಧನದ ಪ್ರಮಾಣ ಮತ್ತು ದಾಖಲೆಗಳ ವಿವರ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಅಲ್ಲಿಯೇ ವಿಚಾರಿಸುವುದು. ಯಂತ್ರ ಪಡೆದ ನಂತರ ಬ್ಯಾಟರಿ ಸೇರಿದಂತೆ ಅದರ ನಿರ್ವಹಣೆಯ ಹೊಣೆ ಮಾಲೀಕರದಾಗಿರುತ್ತದೆ.

ಯಂತ್ರ ಪಡೆಯುವಾಗ ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳುವುದು:

1) ಬ್ಯಾಟರಿಯ ಖಾತರಿ ಚೀಟಿ ಪ್ರತ್ಯೇಕವಾಗಿ ಇದೆಯೇ, ಅದರಲ್ಲಿ ಬ್ಯಾಟರಿ ಸಂಖ್ಯೆ, ಮಾರಾಟದ ದಿನಾಂಕ ಮತ್ತು ಮಾರಾಟಗಾರರ ಮೊಹರು ಇವೆಯೇ.
2) ಬ್ಯಾಟರಿ ತಯಾರಾದ ತಿಂಗಳು ಹಾಗೂ ವರ್ಷ. ಅಂಗಡಿಯಲ್ಲಿ ಬಹುಕಾಲ ನಿಂತ ಬ್ಯಾಟರಿಗೂ ಈ ಮೇಲಿನ ದೋಷಗಳೇ ಉಂಟಾಗಿರುತ್ತವೆ.
3) ಕೈಪಿಡಿಯಲ್ಲಿ ದೀರ್ಘಾವಧಿ ನಿಲುಗಡೆಯ ಬಗ್ಗೆ ನೀಡಿರುವ ಸೂಚನೆ. ಅದು ಈ ಮಾಹಿತಿಗಿಂತ ಭಿನ್ನವಾಗಿದ್ದಲ್ಲಿ ಕೈಪಿಡಿಯನ್ನೇ ಅನುಸರಿಸುವುದು.

ವರ್ಷದಲ್ಲಿ ಕೆಲವೇ ದಿನ ಯಂತ್ರದ ಅಗತ್ಯವಿರುವ ರೈತರು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಸೇವೆಯನ್ನು ಪರಿಗಣಿಸಬಹುದು.

ಹೆಚ್ಚಿನ ಮಾಹಿತಿಗಾಗಿ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಅಥವಾ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲಿಯೂ ಮಾಹಿತಿ ಪಡೆಯಬಹುದು.